ಲಯಬೀಗದ ಐದನೇ ಹಂತ

ಪಾಸ್‌ವರ್ಡ್ ಎಂಬ ಪೀಡೆ ತೊಲಗಿ ಆಗ ಆರು ವರ್ಷವಾಗಿತ್ತು. ಅದು ತೊಲಗಿದ ದಿನ ನಾನು ಶಾವಿಗೆ ಪಾಯಸ ಮಾಡಿದ್ದೆ, ಸುಳ್ಳಲ್ಲ. ಒಂದು ಅಂಕಿ ಇರಬೇಕು, ಒಂದು ಚಿಹ್ನೆ ಇರಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಬದಲಿಸಿದ್ದು ಹಳೆಯದರಂತೆ ಇರಬಾರದು, ಎಲ್ಲಿಯೂ ಬರೆದಿಡಬಾರದು. ಬರೆದಿಡದೆ ನೆನಪಿಡಲು ನಾನೇನು ಅವಧಾನಿಯೇ? ನನ್ನವೆಲ್ಲ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಇದ್ದವು. ಹಾಲಿನವನಿಗೂ ಗೊತ್ತಿದ್ದವು.

ಅದರ ಜಾಗಕ್ಕೆ ಬಂದದ್ದು ಲಯಬೀಗ. ಗುಟ್ಟಿನ ಪದ ಬೇಡ, ಮುಖ ತೋರಿಸುವುದು ಬೇಡ. ಕಂಪ್ಯೂಟರಿನ ಮುಂದೆ ಕೂತು ಏನಾದರೂ ಒಂದೆರಡು ಸಾಲು ಟೈಪ್ ಮಾಡಿದರೆ ಸಾಕು. ‘ಇವತ್ತು ಬಿಸಿಲು ಜಾಸ್ತಿ’ ಎಂದಾದರೂ ಹೊಡೆಯಿರಿ, ‘ಜೀವ ಸಾಕಾಗಿದೆ’ ಎಂದಾದರೂ ಹೊಡೆಯಿರಿ, ಅದಕ್ಕೆ ಅರ್ಥ ಬೇಕಾಗಿಲ್ಲ. ಒಂದು ಕೀಯಿಂದ ಇನ್ನೊಂದಕ್ಕೆ ಹೋಗಲು ಬೆರಳು ಎಷ್ಟು ಹೊತ್ತು ತೆಗೆದುಕೊಂಡಿತು, ಕೀ ಮೇಲೆ ಎಷ್ಟು ಹೊತ್ತು ಕೂತಿತು ಎಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೂ ಯಂತ್ರ ಅಳೆಯುತ್ತದೆ. ದೂರದಿಂದ ಬರುವ ನಮ್ಮವರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುತ್ತೇವಲ್ಲ, ಹಾಗೆ. ಒಬ್ಬರ ಲಯ ಇನ್ನೊಬ್ಬರಿಗೆ ಬರುವುದಿಲ್ಲ, ಕದಿಯಲು ಆಗುವುದಿಲ್ಲ, ಹೊಡೆದು ಬಡಿದು ಬಾಯಿ ಬಿಡಿಸಲೂ ಆಗುವುದಿಲ್ಲ ಎಂದು ಕಂಪನಿಯವರು ಹೇಳಿದ್ದರು. ಆ ಕೊನೆಯ ಮಾತಿಗೇ ನಾನು ಮರುಳಾದದ್ದು.

ನನ್ನ ಹೆಸರು ಇಂದುಮತಿ ಕುಬಸದ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತಳಾದವಳು. ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಅರ್ಜಿ ಬರೆದು ಟೈಪ್ ಮಾಡಿಕೊಡುತ್ತೇನೆ. ಯಜಮಾನರು ಬಸವಂತಪ್ಪ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಈಗ ಅದೇ ಪಡಸಾಲೆಯಲ್ಲಿ ಟಿವಿಗೆ ಗಾರ್ಡ್.

ಮಹಾನಂದಾ ನನ್ನ ಬಳಿ ಬಂದದ್ದು ಮಾಘ ಮಾಸದಲ್ಲಿ, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಏಳು ವರ್ಷದ ಮಗಳನ್ನು ಜೊತೆಗೆ ಕರೆದುಕೊಂಡು. ಕೈ ಮುರಿದವನು ಗಂಡ ಈರಣ್ಣ ತಡಕೋಡ. ಅವಳು ಆಗಲೇ ಮನೆ ಬಿಟ್ಟು ಬೇರೆ ಊರಿನಲ್ಲಿ ಒಂದು ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಸೇರಿದ್ದಳು, ಮಗಳನ್ನು ಅಲ್ಲೇ ಶಾಲೆಗೆ ಹಾಕಿದ್ದಳು. ಗಂಡ ಹತ್ತಿರ ಸುಳಿಯದಂತೆ ಕೋರ್ಟಿನಿಂದ ಆದೇಶ ಬೇಕಾಗಿತ್ತು. ಇಂಥ ಅರ್ಜಿಯಲ್ಲಿ ವಿಳಾಸ ಬರೆಯಬೇಕಾಗಿಲ್ಲ, ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿ ಜಡ್ಜಿಗೆ ಮಾತ್ರ ಕೊಟ್ಟರಾಯಿತು. ಅದು ನನಗೆ ಗೊತ್ತಿಲ್ಲದ ವಿಷಯವೇ? ಆದರೂ ಮೊದಲ ಪ್ಯಾರಾದಲ್ಲಿ ‘ಅರ್ಜಿದಾರಳು ಇಂಥ ಊರಿನ ಇಂಥ ಓಣಿಯಲ್ಲಿ ವಾಸವಾಗಿದ್ದು’ ಎಂದು ಕೈ ತಾನಾಗಿಯೇ ಹೊಡೆದುಬಿಟ್ಟಿತ್ತು. ಮೂವತ್ತೊಂದು ವರ್ಷ ವಿಳಾಸವಿಲ್ಲದ ಅರ್ಜಿಯನ್ನೇ ನೋಡದ ಕೈ ಅದು.

ಕೋರ್ಟಿಗೆ ಕೊಟ್ಟ ಪ್ರತಿಯಲ್ಲಿ ಅದನ್ನು ತೆಗೆದುಹಾಕಿದೆ. ಕಂಪ್ಯೂಟರಿನಲ್ಲಿದ್ದ ಕರಡನ್ನು ಮಾತ್ರ ಅಳಿಸಲಿಲ್ಲ. ಕೇಸು ಮುಗಿಯುವವರೆಗೆ ಕರಡು ಹರಿಯಬಾರದು ಎಂಬುದು ನಮ್ಮ ಸ್ಟೆನೋಗಳ ಕಟ್ಟುನಿಟ್ಟು, ನಾಳೆ ಯಾರಾದರೂ ಏನು ತಿದ್ದಿದಿರಿ ಎಂದು ಕೇಳಿದರೆ ತೋರಿಸಬೇಕಲ್ಲ. ಅಳಿಸುವ ಬದಲು ನಾನು ಬೀಗ ಬಿಗಿ ಮಾಡಲು ಹೊರಟೆ.

ಒಂದು ಇಡೀ ಭಾನುವಾರ ಅದಕ್ಕೇ ಹೋಯಿತು. ನಾನು ಎಲ್ಲಿದ್ದೇನೆ ಎಂದು ಯಾರಿಗೂ ಹೇಳಬೇಡ, ಬಂದ್. ಮೈಕ್ ಬಂದ್. ಕ್ಯಾಮೆರಾ ಬಂದ್ ಮಾಡಿದರೂ ನಂಬಿಕೆ ಬರದೆ ಅದರ ಕಣ್ಣಿನ ಮೇಲೆ ನನ್ನ ಹಣೆಯ ಟಿಕಳಿ ತೆಗೆದು ಅಂಟಿಸಿದೆ. ಯಾವ ಕಡತ ಯಾವಾಗ ತೆರೆದೆ ಎಂಬ ಪಟ್ಟಿ ಇಡಬೇಡ ಎಂದೆ, ಏಕೆಂದರೆ ಆ ಪಟ್ಟಿ ಕಂಪನಿಗೆ ಹೋಗುತ್ತದೆಂದು ಅತಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಎಲ್ಲ ಮುಗಿಸಿ ಚಹಾ ಕುಡಿದು ಬರುವಷ್ಟರಲ್ಲಿ ಯಂತ್ರ ತನ್ನನ್ನು ತಾನೇ ಹೊಸದು ಮಾಡಿಕೊಂಡು, ‘ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸಲು’ ಎಲ್ಲವನ್ನೂ ಮತ್ತೆ ಚಾಲೂ ಮಾಡಿ ಕೂತಿತ್ತು. ಮತ್ತೆ ಮೊದಲಿನಿಂದ ಬಂದ್ ಮಾಡಿದೆ. ನನ್ನ ಅನುಭವ ಉತ್ತಮಗೊಳಿಸಲು ಇವರಿಗೆ ಹೇಳಿದವರು ಯಾರು?

ಕೊನೆಗೆ ಬೀಗದ ಹಂತ. ಒಂದರಿಂದ ಐದರವರೆಗೆ ಇದ್ದವು, ನನ್ನದು ಎರಡರಲ್ಲಿತ್ತು. ಐದಕ್ಕೆ ಏರಿಸಿದೆ. ‘ಈ ಹಂತದಲ್ಲಿ ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಪ್ರವೇಶ ಸಾಧ್ಯವಿಲ್ಲ’ ಎಂದು ಹಸಿರು ಅಕ್ಷರ ಬಂತು. ಅವತ್ತು ನೆಮ್ಮದಿಯಿಂದ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಅದಾಗಿ ಒಂದು ತಿಂಗಳು. ಒಂದು ಶನಿವಾರ ಬೆಳಿಗ್ಗೆ, ಬೀಗ ಯಾವಾಗ ಯಾವಾಗ ತೆರೆದಿದೆ ಎಂಬ ಪಟ್ಟಿಯನ್ನು ನೋಡಿದೆ. ವಾರಕ್ಕೊಮ್ಮೆ ನೋಡುವುದು ರೂಢಿ. ಗುರುವಾರ ಹನ್ನೊಂದು ಹತ್ತಕ್ಕೆ ತೆರೆದಿತ್ತು, ಹನ್ನೊಂದು ಇಪ್ಪತ್ತೆರಡಕ್ಕೆ ಮುಚ್ಚಿತ್ತು. ತೆರೆದವರು: ಇಂದುಮತಿ ಕುಬಸದ.

ಗುರುವಾರ ಹನ್ನೊಂದು ಹತ್ತಕ್ಕೆ ಇಂದುಮತಿ ಕುಬಸದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತುಂಬ ಹತ್ತಿ ಇಟ್ಟುಕೊಂಡು ಬಿದ್ದಿದ್ದಳು.

“ಏನ್ರೀ, ಗುರುವಾರ ನಾ ಇಲ್ಲದಾಗ ಮನಿಗೆ ಯಾರರ ಬಂದಿದ್ರೇನು?”

“ಯಾರೂ ಬಂದಿಲ್ಲಲ್ಲ,” ಎಂದರು ಯಜಮಾನರು, ಟಿವಿಯಿಂದ ಕಣ್ಣು ತೆಗೆಯದೆ. “ಯಾಕ?”

“ನನ್ನ ಕಂಪ್ಯೂಟರ್ ಯಾರೋ ತಗದಾರ.”

“ಐದನೇ ಹಂತ ಮಾಡೀನಿ, ದೇವರು ಬಂದ್ರೂ ತಗಿಯಾಕ ಆಗೂದಿಲ್ಲ ಅಂತ ಓಣಿ ತುಂಬ ಹೇಳಿಕೊಂಡ ಬಂದಾಕಿ ನೀನ. ಹೋಗೂಕಿಂತ ಮೊದಲ ನೀನ ತಗದಿರ್ತೀ, ಮರ್ತಿದ್ದೀ.”

ಹೋಗುವುದಕ್ಕಿಂತ ಮೊದಲು ಹನ್ನೊಂದು ಹತ್ತು ಎಲ್ಲಿಂದ ಬರುತ್ತದೆ? ಹೇಳಿದರೆ ಕೇಳುವವರು ಯಾರು? ಕಂಪನಿಗೆ ಫೋನ್ ಮಾಡಿದೆ. ಒಂದು ಒತ್ತಿ, ಮೂರು ಒತ್ತಿ, ಕಾಯಿರಿ, ಹಾಡು. ಕೊನೆಗೆ ಒಂದು ಯಂತ್ರದ ದನಿ, ‘ನಿಮ್ಮ ಕಂಪ್ಯೂಟರನ್ನು ನೀವೇ ತೆರೆದಿದ್ದೀರಿ, ಚಿಂತೆ ಬೇಡ’ ಎಂದು ಸಿಹಿಯಾಗಿ ಹೇಳಿ ಫೋನ್ ಇಟ್ಟಿತು. ಯಾವ ಕಡತ ನೋಡಿದ್ದಾರೆ ಎಂದು ತಿಳಿಯುವ ದಾರಿಯೂ ಇಲ್ಲ, ಆ ಪಟ್ಟಿಯನ್ನು ಬಂದ್ ಮಾಡಿದ ಜಾಣೆ ನಾನೇ.

ಸೋಮವಾರ ಗೋಕುಲ ರಸ್ತೆಯಲ್ಲಿರುವ ಅವರ ಪ್ರಯೋಗಾಲಯಕ್ಕೇ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡಿಸಿ ನೀಲಿ ಟೋಪಿ ಕೊಟ್ಟರು. ಒಳಗೆ ಗೋಡೆಗೊಂದರಂತೆ ದೊಡ್ಡ ಪರದೆ, ಅದರ ಮೇಲೆ ಊರಿನ ಯಾರ್ಯಾರದೋ ಬೆರಳುಗಳ ಲಯ ಅಲೆಅಲೆಯಾಗಿ ಓಡುತ್ತಿತ್ತು. ನನ್ನನ್ನು ಕೂರಿಸಿ ಮಾತಾಡಿದವಳು ವಿನುತಾ ಎಂಬ ಎಂಜಿನಿಯರ್, ಮೈಸೂರು ಕಡೆಯವಳು, ಮೂವತ್ತೈದರ ಒಳಗಿನ ವಯಸ್ಸು. ಒಳ್ಳೆಯ ಹುಡುಗಿ. ಅದಕ್ಕೇ ಸಿಟ್ಟು ಇನ್ನಷ್ಟು ಬಂತು, ಕೆಟ್ಟವಳಾಗಿದ್ದರೆ ಬೈದು ಬರಬಹುದಿತ್ತು.

“ನೋಡಿ ಮೇಡಂ,” ಎಂದು ಪರದೆಯ ಮೇಲೆ ಎರಡು ಗೆರೆ ತೋರಿಸಿದಳು. “ಈ ಕೆಂಪು ಗೆರೆ ಗುರುವಾರದ್ದು. ಈ ನೀಲಿ ಗೆರೆ ನೀವು ಈಗ ಟೈಪ್ ಮಾಡಿದ್ದು. ಒಂದರ ಮೇಲೊಂದು ಇಡ್ತೀನಿ.” ಎರಡೂ ಸೇರಿ ಒಂದೇ ಗೆರೆಯಾಯಿತು. “ನೂರಕ್ಕೆ ತೊಂಬತ್ತೊಂಬತ್ತು ಹೊಂದುತ್ತೆ. ಬೇರೆಯವರದ್ದು ಹೀಗೆ ಹೊಂದೋ ಸಾಧ್ಯತೆ ಕೋಟಿಗೊಂದು.”

“ಏನ್ ಟೈಪ್ ಮಾಡ್ಯಾರ ಅದನ್ನರ ತೋರಸ್ರಿ.”

“ಅಕ್ಷರ ನಾವು ಇಟ್ಕೊಳಲ್ಲ ಮೇಡಂ, ಸಮಯ ಮಾತ್ರ. ನಿಮ್ಮ ಗೋಪ್ಯತೆಗೋಸ್ಕರ.”

ನನ್ನ ಗೋಪ್ಯತೆಗೋಸ್ಕರ! ಹಲ್ಲಿನ ಡಾಕ್ಟರ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟೆ. ಹತ್ತು ಐವತ್ತಕ್ಕೆ ಒಳಗೆ ಹೋದವಳು ಎಂದು ಅದರ ಮೇಲೆ ಮುದ್ರೆಯೇ ಇತ್ತು.

“ಅವರ ಗಡಿಯಾರ ಹೆಚ್ಚುಕಡಿಮೆ ಇರಬಹುದು,” ಎಂದಳು.

“ಅವರ ಗಡಿಯಾರ ತಪ್ಪಿರಬಹುದು, ನಾ ತಪ್ಪಿರಬಹುದು, ನಿಮ್ಮ ಯಂತ್ರ ಮಾತ್ರ ತಪ್ಪೂದಿಲ್ಲ, ಹೌದಿಲ್ಲೋ? ಆ ಕಂಪ್ಯೂಟರಿನ್ಯಾಗ ಒಬ್ಬ ಹೆಣಮಗಳ ವಿಳಾಸ ಐತಿ. ಅದು ಆಕೀ ಗಂಡಗ ಸಿಕ್ರ ಆಕೀ ಉಳಿಯೂದಿಲ್ಲ. ನಾ ಸುಮ್ಮನ ಮೋಜಿಗೆ ಬಂದೀನೇನು ಇಲ್ಲಿ?”

ವಿನುತಾ ಬಹಳ ಮೆತ್ತಗೆ ಕೇಳಿದಳು. “ಮೇಡಂ, ತಪ್ಪು ತಿಳ್ಕೋಬೇಡಿ. ಇತ್ತೀಚೆಗೆ ಒಲೆ ಆರಿಸೋದು ಮರೆಯೋದು, ಹೆಸರು ನೆನಪಾಗದೆ ಇರೋದು, ಹಾಗೇನಾದ್ರೂ ಇದೆಯಾ? ನಮ್ಮ ತಾಯಿಗೂ ಹೀಗೇ ಶುರುವಾಗಿದ್ದು.” ಒಂದು ಚೀಟಿ ಕೊಟ್ಟಳು. ಮರೆವಿನ ತಪಾಸಣೆ ಮಾಡುವ ಡಾಕ್ಟರ ಹೆಸರು ಇತ್ತು. ದೂರು ದಾಖಲಾಗಿರುವುದರಿಂದ ನನ್ನ ಕಂಪ್ಯೂಟರನ್ನು ಪರಿಶೀಲನೆ ಮುಗಿಯುವವರೆಗೆ ತೆರೆಯಲಾಗದಂತೆ ಮುಚ್ಚಿದ್ದೇವೆ ಎಂದೂ ಹೇಳಿದಳು. ಅಂದರೆ ಕಳ್ಳ ಒಳಗೆ ಹೋಗಿ ಬಂದಾಯಿತು, ಇನ್ನು ಮನೆಯವಳೇ ಹೊರಗೆ.

ಚೀಟಿಯನ್ನು ಅಲ್ಲೇ ಹರಿದು ಹಾಕಬೇಕಿತ್ತು. ಹಾಕಲಿಲ್ಲ, ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಅವತ್ತು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ರುಚಿ ನೋಡಿದೆ. ಬಾಗಿಲಿಗೆ ಚಿಲಕ ಹಾಕಿದವಳು ಮತ್ತೆ ಹೋಗಿ ನೋಡಿದೆ. ಹಲ್ಲಿನ ಡಾಕ್ಟರ ಹತ್ತಿರ ಹೋದದ್ದು ಗುರುವಾರವೋ, ಬುಧವಾರವೋ? ಚೀಟಿಯಲ್ಲಿ ಗುರುವಾರ ಎಂದೇ ಇತ್ತು, ಆದರೂ ಮನಸ್ಸು ಒಪ್ಪದಾಯಿತು. ಇಷ್ಟು ದೊಡ್ಡ ಯಂತ್ರ, ಅಷ್ಟು ಓದಿದ ಹುಡುಗಿ, ಕಟ್ಟಿಕೊಂಡ ಗಂಡ, ಎಲ್ಲರೂ ನೀನೇ ಎನ್ನುತ್ತಿರುವಾಗ ನಾನು ಒಬ್ಬಳೇ ಅಲ್ಲ ಎನ್ನುವುದು ಹೇಗೆ?

ಮಹಾನಂದಾಳಿಗೆ ಫೋನ್ ಮಾಡಲು ಎರಡು ಸಲ ಫೋನ್ ಎತ್ತಿದೆ. ಏನೆಂದು ಹೇಳಲಿ? ಊರು ಬಿಟ್ಟು ಓಡು, ಇಲ್ಲವೇ ಓಡಬೇಡ, ಬಹುಶಃ ನನಗೆ ಮರೆವು ಬಂದಿರಬೇಕು ಎಂದೇ? ಅವಳಿಗೆ ಕೆಲಸ ಸಿಕ್ಕಿ ಮೂರೇ ತಿಂಗಳು. ಮಗಳಿಗೆ ಹೊಸ ಶಾಲೆಯಲ್ಲಿ ಒಬ್ಬ ಗೆಳತಿ ಸಿಕ್ಕಿದ್ದಾಳೆ ಎಂದು ಹೋದ ವಾರ ತಾನೆ ಹೇಳಿದ್ದಳು. ಖಾತ್ರಿಯಿಲ್ಲದ ಮಾತಿಗೆ ಅವರನ್ನು ಎಬ್ಬಿಸಬಾರದು ಎಂದುಕೊಂಡೆ. ಫೋನ್ ಕೆಳಗಿಟ್ಟೆ. ಆ ಎರಡು ಸಲ ಇಟ್ಟದ್ದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಶನಿವಾರದವರೆಗೆ ಕಂಪನಿಯಿಂದ ಒಂದು ಸುದ್ದಿಯೂ ಇಲ್ಲ. ಬರಹದಲ್ಲೇ ದೂರು ಕೊಡೋಣವೆಂದರೆ ಟೈಪ್ ಮಾಡಲು ನನ್ನ ಕಂಪ್ಯೂಟರ್ ಇಲ್ಲ. ಗಣೇಶಪೇಟೆಯ ಜುಲೇಖಾ ಮನಿಯಾರಳ ಮನೆಗೆ ಹೋದೆ. ಅವಳು ನನ್ನ ಹಳೆಯ ಟೈಪಿಂಗ್ ಕ್ಲಾಸಿನ ಗೆಳತಿ, ಒಬ್ಬ ನೋಟರಿಯ ಆಫೀಸಿನಲ್ಲಿ ಇನ್ನೂ ಕೆಲಸಕ್ಕೆ ಹೋಗುತ್ತಾಳೆ. ಆಫೀಸಿನ ಕಾಗದಗಳಿರುವುದರಿಂದ ಅವಳ ಮನೆಯ ಕಂಪ್ಯೂಟರಿಗೂ ಐದನೇ ಹಂತವೇ.

“ಕುಂದ್ರು ಇಂದೂ, ಚಾ ಇಟ್ಟ ಬರ್ತೀನಿ. ಆಮ್ಯಾಲ ತಗದ ಕೊಡ್ತೀನಿ,” ಎಂದು ಅವಳು ಒಳಗೆ ಹೋದಳು.

ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ತಲೆಯಲ್ಲಿದ್ದದ್ದು ಕೈಗೆ ಬಂತು. ‘ಮಾನ್ಯರೇ, ನನಗೆ ಮರೆವಿಲ್ಲ. ಗುರುವಾರ ನನ್ನ ಕಂಪ್ಯೂಟರನ್ನು ನಾನು ತೆರೆದಿಲ್ಲ, ತೆರೆದಿಲ್ಲ, ತೆರೆದಿಲ್ಲ’ ಎಂದು ಮುಚ್ಚಿದ ಪರದೆಯ ಮೇಲೆಯೇ ಹೊಡೆದೆ.

ಪರದೆ ಬೆಳಗಿತು. ‘ನಮಸ್ಕಾರ, ಜುಲೇಖಾ ಅವರೇ’ ಎಂದಿತು.

ನಾನು ಕೈ ಎತ್ತಿಕೊಂಡೆ. ಅಳಿಸಿ, ಮುಚ್ಚಿ, ಮತ್ತೆ ಹೊಡೆದೆ. ನಮಸ್ಕಾರ, ಜುಲೇಖಾ ಅವರೇ. ಮೂರನೆಯ ಸಲವೂ ಅದೇ.

“ಜುಲೇಖಾ! ಇಲ್ಲಿ ಬಾರವಾ, ಲಗೂನ ಬಾ!”

ಅವಳು ಸೌಟು ಹಿಡಿದುಕೊಂಡೇ ಬಂದು ನೋಡಿದಳು. ಆಶ್ಚರ್ಯಪಡಲಿಲ್ಲ. “ಅಯ್ಯ, ಇದಕ್ಯಾಕ ಇಷ್ಟ ಒದರತಿ? ನಮ್ಮ ಆಫೀಸಿನ್ಯಾಗ ದಿನಾ ಆಗತೇತಿ. ನಾ ರಜಾ ಇದ್ದಾಗ ನನ್ನ ಕಂಪ್ಯೂಟರ್ ಅಡಿವೆಪ್ಪ ತಗೀತಾನ, ಅಂವಾ ಇಲ್ಲದಾಗ ಅಂವಂದು ನಾ ತಗೀತೀನಿ. ಅಂವಾನೂ ನಮ್ಮ ಪಟ್ಟೇದ ಮಾಸ್ತರ ಟೈಪಿಂಗ್ ಕ್ಲಾಸಿನ್ಯಾಗ ಕಲತಾಂವನ ಅಲ್ಲೇನು, ನಮಗಿಂತ ಎರಡ ವರ್ಷ ಹಿಂದಿನಂವ. ನಾವು ಯಾರಿಗೂ ಹೇಳಾಕ ಹೋಗಿಲ್ಲ. ಕೆಲಸಕ್ಕ ಅನುಕೂಲ ಆತು ಅಂತ ಸುಮ್ಮನಾದ್ವಿ.”

ಪಟ್ಟೇದ ಮಾಸ್ತರು. ಕೇಳಿದೊಡನೆ ಎಲ್ಲ ತಿಳಿಯಿತು. ಮೂವತ್ತು ಟೈಪ್‌ರೈಟರ್‌ಗಳ ಮಧ್ಯೆ ನಿಂತು ಫೂಟಪಟ್ಟಿಯಿಂದ ಮೇಜು ಬಡಿಯುತ್ತಿದ್ದರು. ಒಂದು ಏಟಿಗೆ ಒಂದು ಅಕ್ಷರ. ಯಾರ ಬೆರಳೂ ಮುಂದೆ ಓಡಬಾರದು, ಯಾರದೂ ಹಿಂದೆ ಬೀಳಬಾರದು. ಸಾಲಿನ ಕೊನೆಗೆ ಗಂಟೆ ಹೊಡೆದಾಗ ಎಡಗೈ ಎತ್ತಿ ಕಾಗದದ ಉರುಳೆ ಸರಿಸಿ ಮತ್ತೆ ಬರಲು ಎರಡು ಏಟು, ಅಷ್ಟೇ. ಪರೀಕ್ಷೆಯ ದಿನ ಹೊರಗೆ ನಿಂತವರಿಗೆ ಮೂವತ್ತು ಯಂತ್ರದ ಸದ್ದು ಒಂದೇ ಯಂತ್ರದ್ದೆಂಬಂತೆ ಕೇಳಬೇಕು ಎನ್ನುತ್ತಿದ್ದರು. ಕೇಳುತ್ತಿತ್ತು. ಅದು ನಮ್ಮ ಹೆಮ್ಮೆಯಾಗಿತ್ತು. ಟೈಪ್‌ರೈಟರ್ ಹೋಗಿ ಎಷ್ಟೋ ವರ್ಷವಾದರೂ ಅರವತ್ತು ಅಕ್ಷರಕ್ಕೊಮ್ಮೆ ನನ್ನ ಎಡಗೈ ಇನ್ನೂ ಎರಡು ಏಟು ನಿಲ್ಲುತ್ತದೆ, ಜುಲೇಖಾಳದೂ ನಿಲ್ಲುತ್ತದೆ.

“ಅಡಿವೆಪ್ಪನ ಅಡ್ಡಹೆಸರೇನು?” ಎಂದು ಕೇಳಿದೆ.

“ತಡಕೋಡ. ಯಾಕ?”

ಈರಣ್ಣ ತಡಕೋಡನ ದೊಡ್ಡಣ್ಣ. ಅರ್ಜಿಯಲ್ಲಿ ಅವನ ಹೆಸರನ್ನೂ ನಾನೇ ಹೊಡೆದಿದ್ದೆ. ಅರ್ಜಿಯ ಪ್ರತಿ ಕೋರ್ಟಿನಿಂದ ಅವರ ಮನೆಗೆ ಹೋಗಿತ್ತು, ಅದರ ಕೊನೆಯಲ್ಲಿ ‘ಬರೆದವರು: ಇಂದುಮತಿ ಕುಬಸದ, ಹಳೇ ಹುಬ್ಬಳ್ಳಿ’ ಎಂದು ನಾನೇ ಹಾಕಿದ್ದೆ. ನಾನೂ ಅದೇ ಕ್ಲಾಸಿನವಳೆಂದು ಅವನಿಗೆ ಗೊತ್ತಿರಬೇಕು, ಐದನೇ ಹಂತದ ಸುದ್ದಿಯನ್ನು ಓಣಿ ತುಂಬ ಸಾರಿದವಳೂ ನಾನೇ. ಚಹಾ ಅಲ್ಲೇ ಬಿಟ್ಟು, ಜುಲೇಖಾಳನ್ನು ಎಳೆದುಕೊಂಡು ಆಟೋದಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ಮಹಾನಂದಾಳಿಗೆ ಫೋನ್ ಹೊಡೆದೆ. ಬಂದ್ ಆಗಿತ್ತು.

“ಏನ್ರೀ, ಖರೇ ಹೇಳ್ರಿ. ಹೋದ ವಾರದ ಗುರುವಾರ ಮನಿಗೆ ಯಾರ ಬಂದಿದ್ರು?”

“ಯಾರೂ ಬಂದಿಲ್ಲ ಅಂತ ಹೇಳೀನಲ್ಲ.”

“ಒಬ್ಬ ನರಪಿಳ್ಳೇನೂ ಬಂದಿಲ್ಲ?”

“ಲಗ್ನಪತ್ರಿಕಿ ಕೊಡಾಕ ಒಬ್ರು ಬಂದಿದ್ರು. ಅದಕ್ಕ ಯಾರೋ ಬಂದಾರ ಅಂತಾರೇನು?”

ನಮ್ಮಲ್ಲಿ ಅದು ಹಾಗೆಯೇ. ಅಪರಿಚಿತನಿಗೆ ಬಾಗಿಲು ತೆರೆಯುವುದಿಲ್ಲ, ಮೀಟರ್ ನೋಡುವವನ ಗುರುತಿನ ಚೀಟಿ ಕೇಳುತ್ತೇವೆ. ಕೈಯಲ್ಲಿ ಲಗ್ನಪತ್ರಿಕೆಯೂ ಅಕ್ಷತೆಯೂ ಇದ್ದರೆ ಮಾತ್ರ ಅವನು ಯಾರೆಂದು ಕೇಳುವುದೇ ಅವಮಾನ. ಯಾವ ಕಡೆಯ ಬೀಗರೋ, ಗುರುತು ಸಿಗಲಿಲ್ಲ ಎಂದರೆ ತಪ್ಪು ನಮ್ಮದೇ. ಯಜಮಾನರು ಅವನನ್ನು ಕೂರಿಸಿ, ಮನೆಯವಳು ಇಲ್ಲದ್ದರಿಂದ ತಾವೇ ಒಳಗೆ ಹೋಗಿ ಅವಲಕ್ಕಿ ಒಗ್ಗರಣೆ ಮಾಡಿ, ಚಹಾ ಕಾಸಿ ತಂದಿದ್ದರು. ಹನ್ನೆರಡು ನಿಮಿಷಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಪತ್ರಿಕೆಯನ್ನು ಹುಡುಕಿ ತೆಗೆದೆ. ಗಂಡೂ ಗೊತ್ತಿಲ್ಲ, ಹೆಣ್ಣೂ ಗೊತ್ತಿಲ್ಲ. ಮುಹೂರ್ತ ನೋಡಿದರೆ ಲಗ್ನವಾಗಿ ಎರಡು ತಿಂಗಳಾಗಿತ್ತು.

“ನನಗೇನ್ ಗೊತ್ತಾಗಬೇಕು?” ಎಂದರು ಯಜಮಾನರು. ಮುಖ ಸಣ್ಣದಾಗಿತ್ತು. “ಎರಡ ಸಲ ಅವಲಕ್ಕಿ ಹಾಕಿಸಿಕೊಂಡ ತಿಂದಾನ.”

ಹಾಸ್ಟೆಲಿಗೆ ಫೋನ್ ಮಾಡಿದೆ. ಮಹಾನಂದಾ ನಿನ್ನೆ ಮಧ್ಯಾಹ್ನದಿಂದ ಕೆಲಸಕ್ಕೆ ಬಂದಿಲ್ಲ, ಕೋಣೆಯಲ್ಲೂ ಇಲ್ಲ ಎಂದರು. ಪೊಲೀಸರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಡಿವೆಪ್ಪ ನಿಮ್ಮ ಕಂಪ್ಯೂಟರ್ ತೆರೆದನೆಂಬುದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ಸಾಕ್ಷಿ ನಾನೇ ತೆರೆದೆ ಎಂದು ಹೇಳುತ್ತಿದೆಯಲ್ಲ!

ಸೀದಾ ಗೋಕುಲ ರಸ್ತೆಗೆ ಹೋದೆವು. ಈ ಸಲ ಚಪ್ಪಲಿ ಬಿಡಲಿಲ್ಲ, ಟೋಪಿಯನ್ನೂ ಹಾಕಲಿಲ್ಲ. ವಿನುತಾ ಎದ್ದು ಬರುವ ಮೊದಲೇ ಜುಲೇಖಾಳ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ.

“ನನ್ನ ಬೀಗ ಇಲ್ಲಿ ಹಚ್ಚರಿ. ಈಕೀ ಟೈಪ್ ಮಾಡ್ತಾಳ.”

ಜುಲೇಖಾ ತನ್ನ ಮೊಮ್ಮಕ್ಕಳ ಹೆಸರನ್ನೆಲ್ಲ ಸಾಲಾಗಿ ಹೊಡೆದಳು. ‘ನಮಸ್ಕಾರ, ಇಂದುಮತಿ ಅವರೇ.’ ವಿನುತಾ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಇನ್ನೊಮ್ಮೆ ಹೊಡೆಯಲು ಹೇಳಿದಳು. ಮತ್ತೆ ನಾನೇ ಆದೆ. ಹಂತವನ್ನು ನಾಲ್ಕಕ್ಕೆ ಇಳಿಸಿದಳು, ಆಗಲೂ ನಾನೇ. ಮೂರಕ್ಕೆ ಇಳಿಸಿದಾಗ ಯಂತ್ರ ಸ್ವಲ್ಪ ತಡವರಿಸಿತು. ಎರಡಕ್ಕೆ ಬಂದಾಗ, ‘ನೀವು ಇಂದುಮತಿ ಅಲ್ಲ’ ಎಂದು ಕೆಂಪು ಅಕ್ಷರ ಬಂತು.

ವಿನುತಾ ಕುರ್ಚಿ ಎಳೆದುಕೊಂಡು ಕೂತಳು.

“ಕೆಳಗಿನ ಹಂತಗಳಲ್ಲಿ ಬೀಗ ಎಲ್ಲಾನೂ ನೋಡುತ್ತೆ ಮೇಡಂ,” ಎಂದಳು. “ಎಲ್ಲಿ ತಪ್ಪು ಹೊಡೀತೀರ, ಹೇಗೆ ತಿದ್ತೀರ, ಯಾವ ಬೆರಳು ಸೋಮಾರಿ, ಎಲ್ಲ. ಆದ್ರೆ ಅವು ದಿನದಿನಕ್ಕೆ ಬದಲಾಗುತ್ತೆ. ನೆಗಡಿ ಆದ್ರೂ ಬದಲಾಗುತ್ತೆ. ಅದಕ್ಕೆ ಮೇಲಿನ ಹಂತಗಳಲ್ಲಿ ಅದನ್ನೆಲ್ಲ ಸೋಸಿ ತೆಗೆದು, ಯಾವತ್ತೂ ಬದಲಾಗದ ಅಡಿಲಯ ಮಾತ್ರ ಇಟ್ಕೋತೀವಿ. ಬೇರೆಯವರಿಗೆಲ್ಲ ಆ ಅಡಿಲಯ ಅವರದ್ದೇ ಆಗಿರುತ್ತೆ. ನಿಮ್ಮದು…”

“ನಮ್ಮದು ಪಟ್ಟೇದ ಮಾಸ್ತರದ್ದು,” ಎಂದಳು ಜುಲೇಖಾ.

“ಮೂವತ್ತು ಲಕ್ಷ ಜನರ ಲಯ ತಗೊಂಡು ಇದನ್ನ ಮಾಡಿದ್ವಿ. ಎಲ್ಲರೂ ತಾವಾಗೇ ಕಲಿತವರು. ಹೀಗೆ ಒಬ್ಬರ ಏಟಿಗೆ ಕಲಿತವರು ಅದರಲ್ಲಿ ಒಬ್ಬರೂ ಇರಲಿಲ್ಲ. ಇಂಥದ್ದೊಂದು ಇತ್ತು ಅಂತಾನೇ ನಮಗೆ ಗೊತ್ತಿರಲಿಲ್ಲ.”

“ಅಂದ್ರ ನಾ ಎರಡರಾಗ ಬಿಟ್ಟಿದ್ರ?”

ಅವಳು ತಲೆ ತಗ್ಗಿಸಿದಳು. “ಎರಡರಲ್ಲಿದ್ದಿದ್ರೆ ಅವನಿಗೆ ತೆರೀತಿರಲಿಲ್ಲ.”

ಆ ಭಾನುವಾರ ಬೆನ್ನು ನೋಯಿಸಿಕೊಂಡು ಕೂತು ನಾನೇ ಬಾಗಿಲು ತೆರೆದಿಟ್ಟಿದ್ದೆ. ಬೈಯಲು ನನ್ನ ಬಳಿ ಬೇಕಾದಷ್ಟು ಮಾತಿದ್ದವು. ಮರೆವಿನ ಡಾಕ್ಟರ ಚೀಟಿ ಪರ್ಸಿನಲ್ಲೇ ಇತ್ತು, ತೆಗೆದು ಅವಳ ಮುಖಕ್ಕೆ ಹಿಡಿಯಬಹುದಿತ್ತು. ಆದರೆ ಹುಡುಗಿಯ ಕಣ್ಣಲ್ಲಿ ನೀರಿತ್ತು, ಮತ್ತು ಆ ಐದು ದಿನ ಸುಮ್ಮನೆ ಕೂತವಳು ಅವಳೊಬ್ಬಳೇ ಅಲ್ಲ. ತೆರೆದದ್ದು ನಾನಲ್ಲದಿರಬಹುದು ಎಂದು ಕಾಗದದ ಮೇಲೆ ಬರೆದುಕೊಡು, ಪೊಲೀಸರಿಗೆ ಬೇಕು ಎಂದಷ್ಟೇ ಹೇಳಿದೆ. ಅವಳು ಬರೆಯಲು ಕೂತಳು.

ಆಗ ನನಗೆ ಫೋನ್ ಬಂತು. ಗುರುತಿಲ್ಲದ ನಂಬರು.

“ಅಕ್ಕಾರ, ನಾ ಮಹಾನಂದಾ.”

“ಎಲ್ಲಿದ್ದೀಯೆವಾ? ಕೂಸು ಎಲ್ಲೈತಿ?”

“ನನ್ನ ಕೂಡ ಐತ್ರಿ. ನಿನ್ನಿ ಶಾಲಿ ಬಿಡೂ ಹೊತ್ತಿಗೆ ಅಂವಾ ಗೇಟಿನ ಮುಂದ ನಿಂತಿದ್ದ. ಅಂವನ ಅಣ್ಣನೂ ಇದ್ದ. ನಮ್ಮ ಹುಡುಗಿ ಕಿಡಕಿಯಾಗಿಂದ ನೋಡಿ ಟೀಚರಿಗೆ ಹೇಳೇತಿ. ಅವರು ಒಳಗ ಇಟಗೊಂಡು ನನಗ ಸುದ್ದಿ ಮುಟ್ಟಿಸಿದ್ರು. ಹಿಂದಿನ ಬಾಗಲದಿಂದ ಹೊಂಟ ಬಂದ್ವಿ. ಉಟ್ಟ ಸೀರಿ ಮ್ಯಾಲ ಬಂದೀನ್ರಿ, ಏನೂ ತರಾಕ ಆಗಲಿಲ್ಲ.”

“ತಪ್ಪು ನಂದೈತಿ ಮಹಾನಂದಾ. ನನ್ನ ಕಂಪ್ಯೂಟರಿನ್ಯಾಗ ನಿನ್ನ ವಿಳಾಸ ಇತ್ತು, ಅದನ್ನ ತಗದ ನೋಡ್ಯಾರ.”

“ಗೊತ್ತಾತ್ರಿ,” ಎಂದಳು. “ಆ ವಿಳಾಸ ನಾ ಕೊಟ್ಟಿದ್ದು ನಿಮಗೊಬ್ರಿ­ಗೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

“ಪೊಲೀಸರಿಗೆ ಹೇಳೀನಿ, ಕಂಪನಿಯವರು ಬರದ ಕೊಡಾಕತ್ತಾರ. ಸೋಮವಾರನ ಹೊಸಾ ಅರ್ಜಿ ಹಾಕೂಣು. ಈಗ ಯಾವ ಊರಾಗ ಅದೀ, ಹೇಳು,” ಎಂದೆ. ಅವಳು ಉತ್ತರ ಹೇಳುವ ಮೊದಲೇ ವಿನುತಾಳ ಮೇಜಿನ ಮೇಲಿದ್ದ ಒಂದು ಕಾಗದ ಎಳೆದುಕೊಂಡು, ಪೆನ್ನು ಹಿಡಿದು, ‘ಅರ್ಜಿದಾರಳ ವಿಳಾಸ’ ಎಂದು ಬರೆದೂ ಆಗಿತ್ತು. ಕೈ ತಾನೇ ಬರೆದಿತ್ತು.

ಆ ಕಡೆ ಬಸ್ಸಿನ ಸದ್ದು ಕೇಳಿಸಿತು. ಕೂಸು ಏನೋ ಕೇಳುತ್ತಿತ್ತು, ಅವಳು ಅದಕ್ಕೆ ಸಮಾಧಾನ ಹೇಳಿ ಮತ್ತೆ ಫೋನಿಗೆ ಬಂದಳು.

“ಹೇಳೂದಿಲ್ಲರಿ ಅಕ್ಕಾರ. ಸಿಟ್ಟಾಗಬ್ಯಾಡ್ರಿ. ಈ ಸಲ ನಿಮಗೂ ಹೇಳೂದಿಲ್ಲ.”

ಮೂವತ್ತೊಂದು ವರ್ಷ ಜನರ ಗುಟ್ಟನ್ನೇ ಟೈಪ್ ಮಾಡಿದವಳು ನಾನು, ಒಂದು ಮಾತು ಯಾರ ಮುಂದೂ ಆಡಿದವಳಲ್ಲ. ಅದನ್ನು ಅವಳಿಗೆ ಹೇಳಬೇಕೆನಿಸಿತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು.

“ಹೇಳಬ್ಯಾಡ,” ಎಂದೆ. “ನನಗೂ ಹೇಳಬ್ಯಾಡ, ಯಾರಿಗೂ ಹೇಳಬ್ಯಾಡ.”

ಫೋನ್ ಇಟ್ಟಳು. ವಿನುತಾ ಬರೆಯುವುದನ್ನು ನಿಲ್ಲಿಸಿ, “ಎಲ್ಲಿದ್ದಾರಂತೆ ಮೇಡಂ?” ಎಂದು ಕೇಳಿದಳು.

“ನನಗ ಗೊತ್ತಿಲ್ಲ,” ಎಂದೆ.